ವಿಮಾನದ ತುಲಾಭಾರ

ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕೂತು ಉಂಡವರಲ್ಲ. ಅಪ್ಪ ತಟ್ಟೆಯ ಮುಂದೆ ಕೂತರೆ ಸಾಕು, ಬೆಲ್ಲದ ಮಂಡಿಯ ಬಾಗಿಲಲ್ಲಿ ಗಾಡಿ ನಿಂತ ಸದ್ದಾಗುತ್ತಿತ್ತು. ಮುದ್ದೆಯ ತುತ್ತನ್ನು ಬಾಯಿಗೆ ತುರುಕಿಕೊಂಡು ಎದ್ದು ಹೋಗುತ್ತಿದ್ದರು. ಅಜ್ಜಿ ಬಡಿಸುವವಳು, ಬಡಿಸುವವಳು ಕೂರುವುದುಂಟೆ? ಅಮ್ಮ ವಾರಕ್ಕೊಮ್ಮೆ ಬರುವವಳು. ಬಂದರೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ತಿನ್ನುತ್ತಿದ್ದಳು, ಬಸ್ಸು ಹಿಡಿಯುವ ಅವಸರದಲ್ಲಿರುವವಳ ಹಾಗೆ. ಇವರನ್ನೆಲ್ಲ ನೋಡಿ ಬೆಳೆದವಳು ನಾನು. ಇವತ್ತಿಗೂ ಊಟಕ್ಕೆ ಕೂತ ಮೇಲೆ ಒಂದೆರಡು ಸಲ ಏಳದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಬೀದಿಯ ಕಡೆಗೆ ಮುಖ ಮಾಡಿಯೇ ಬಿಡುತ್ತೇನೆ. ನಿನಗೇನು ಕೂತಲ್ಲಿ ಮುಳ್ಳು ಚುಚ್ಚುತ್ತದೆಯೇ ಎಂದು ನನ್ನ ಗಂಡ ಕೇಳಿ ಕೇಳಿ ಸುಸ್ತಾಗಿ ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಚುಚ್ಚುತ್ತದೆ, ಇಲ್ಲವೆನ್ನುವುದಿಲ್ಲ. ಎಲ್ಲಿ ಹೊಕ್ಕ ಮುಳ್ಳು ಎನ್ನುವುದು ಮಾತ್ರ ಅವರಿಗೆ ಗೊತ್ತಿಲ್ಲ.

ನಂಜನಗೂಡಿನ ಬಜಾರು ಬೀದಿಯಲ್ಲಿ, ತಲೆಯೆತ್ತಿದರೆ ಗುಡಿಯ ಗೋಪುರ ಕಾಣುವಷ್ಟು ಹತ್ತಿರದಲ್ಲಿ ನಮ್ಮ ಮನೆ. ಮನೆ ಎನ್ನಬೇಕಾದದ್ದು ಹಿಂಭಾಗವನ್ನು ಮಾತ್ರ; ಮುಂದಿನದೆಲ್ಲ ಮಂಡಿ. ಅಪ್ಪನದು ಬೆಲ್ಲ ಮತ್ತು ಬಾಳೆಯ ವ್ಯಾಪಾರ. ಅಜ್ಜಿಯ ತವರು ಸೋಸಲೆ, ಆ ಕಡೆಯ ಆಲೆಮನೆಗಳಿಂದ ಅಚ್ಚುಬೆಲ್ಲ ಬರುತ್ತಿತ್ತು. ದೇವನೂರು, ಚಿಕ್ಕಯ್ಯನಛತ್ರದ ಕಡೆಯಿಂದ ಬಾಳೆಗೊನೆ. ಮಂಡಿಗೂ ನಡುಮನೆಗೂ ಮಧ್ಯೆ ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ಕಾಯಿಗೊನೆಗಳನ್ನು ಒಟ್ಟಿ, ಬಾಗಿಲ ಸಂದಿಗೆ ಮಣ್ಣು ಮೆತ್ತಿ, ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರು. ಎಷ್ಟು ಮೆತ್ತಿದರೂ ಹೊಗೆಗೆ ದಾರಿ ಗೊತ್ತು. ಹಾಸಿಗೆ, ದಿಂಬು, ನನ್ನ ಯೂನಿಫಾರಂ, ಅಮ್ಮನ ಆಫೀಸು ಸೀರೆ, ಒಂದನ್ನೂ ಬಿಡದೆ ಅಂಟಿಕೊಳ್ಳುತ್ತಿತ್ತು. ಸೋಮವಾರ ಬೆಂಗಳೂರಿನಲ್ಲಿ ಅಮ್ಮ ಆಫೀಸಿನ ಮೆಟ್ಟಿಲು ಹತ್ತುವಾಗಲೇ ಜೊತೆಯವರು ಮೇಡಂ ಊರಿನಿಂದ ಬಂದರು ಎನ್ನುತ್ತಿದ್ದರಂತೆ, ಮುಖ ನೋಡದೆ, ಬರೀ ವಾಸನೆಯಿಂದ. ಮಂಡಿಯ ತೊಲೆಗೆ ದೊಡ್ಡ ತಕ್ಕಡಿಯೊಂದನ್ನು ನೇತುಹಾಕಿದ್ದರು, ಹಗ್ಗ ಕಟ್ಟಿದ ಎರಡು ಮರದ ತಟ್ಟೆ, ಒಬ್ಬ ಆಳು ಚಕ್ಕಂಬಕ್ಕಳ ಹಾಕಿ ಕೂರುವಷ್ಟು ಅಗಲ. ದೇವರ ಮನೆಯನ್ನು ಬಿಟ್ಟರೆ ನಮ್ಮಲ್ಲಿ ಮರ್ಯಾದೆ ಇದ್ದದ್ದು ಅದಕ್ಕೇ. ಖಾಲಿ ತಟ್ಟೆಯನ್ನು ತೂಗಾಡಿಸಿದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು.

ಅಮ್ಮ ಟಿ. ನರಸೀಪುರದ ಮೇಷ್ಟರ ಮಗಳು. ಓದಿನಲ್ಲಿ ಜೋರು, ಇಂಜಿನಿಯರಿಂಗ್ ಮಾಡಿಕೊಂಡು, ಬೆಂಗಳೂರಿನಲ್ಲಿ ವಿಮಾನ ಮಾಡುವ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದವಳು. ಬೆಲ್ಲದ ಮಂಡಿಯ ಅಪ್ಪನನ್ನು ಯಾಕೆ ಒಪ್ಪಿದಳೋ ನನಗೆ ಗೊತ್ತಿಲ್ಲ. ಕೇಳಿದಾಗ, ನಿಮ್ಮಪ್ಪ ಕೆಲಸ ಬಿಡು ಅನ್ನಲಿಲ್ಲ, ಬೇರೆಯವರೆಲ್ಲ ಅಂದರು, ಎಂದಷ್ಟೇ ಹೇಳಿದಳು. ಅವಳು ಕೆಲಸ ಮಾಡುತ್ತಿದ್ದದ್ದು ಹಡಗಿನಿಂದ ಹಾರಿ ಹಡಗಿನ ಮೇಲೇ ಇಳಿಯುವ ಯುದ್ಧವಿಮಾನಕ್ಕೆ. ನೆಲದಿಂದ ಹಾರುವ ಅದರ ಅಣ್ಣ ಆಗಲೇ ತಯಾರಾಗುತ್ತಿತ್ತು. ಇದು ತಮ್ಮ, ಇನ್ನೂ ಕಾಗದದ ಮೇಲಿತ್ತು. ಅಮ್ಮನ ಪಾಲಿಗೆ ಬಂದದ್ದು ಅದರ ಕಾಲುಗಳು, ಅಂದರೆ ಚಕ್ರ ಕಟ್ಟಿದ ಕಂಬಗಳು. ಪ್ರತಿ ಸೋಮವಾರ ನಸುಕಿನಲ್ಲಿ ಹೋಗಿ ಶನಿವಾರ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಅವಳ ಚೀಲವನ್ನು ಒಂದು ದಿನವೂ ಪೂರ್ತಿ ಖಾಲಿ ಮಾಡಿದ್ದನ್ನು ನಾನು ನೋಡಲಿಲ್ಲ. ನನ್ನನ್ನು ಸಾಕಿದವಳು ಅಜ್ಜಿ. ಹಾಗೆ ಸಾಕಲು ಒಪ್ಪಿಕೊಂಡಾಗ ಅವಳು ಒಂದು ಮಾತು ತೆಗೆದುಕೊಂಡಿದ್ದಳು: ವಿಮಾನ ಹಾರುವವರೆಗೆ ಮಾತ್ರ. ಹಾರಿದ ಮೇಲೆ ಕೆಲಸ ಬಿಟ್ಟು ಮನೆಗೆ ಬಂದುಬಿಡುತ್ತೇನೆ ಎಂದು ಅಮ್ಮ ದೇವರ ಮನೆಯ ಹೊಸ್ತಿಲ ಮುಂದೆ ನಿಂತು ಹೇಳಿದ್ದಳಂತೆ. ನಾನು ಆ ಮಾತನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಬೇರೆ ಮಕ್ಕಳು ಆಕಾಶದಲ್ಲಿ ವಿಮಾನ ಕಂಡರೆ ಕೈ ಬೀಸುತ್ತಿದ್ದರು. ನಾನು ಓಡಿ ಬಂದು, ಅದು ನಮ್ಮದಾ ಎಂದು ಕೇಳುತ್ತಿದ್ದೆ.

ಶನಿವಾರ ಸಂಜೆಗೊಂದು ಶಾಸ್ತ್ರವಿತ್ತು. ಅಮ್ಮ ಮಂಡಿಯೊಳಗೆ ಕಾಲಿಟ್ಟ ಕೂಡಲೇ ಅಜ್ಜಿ ನನ್ನನ್ನು ತಕ್ಕಡಿಯ ತಟ್ಟೆಯಲ್ಲಿ ಕೂರಿಸುತ್ತಿದ್ದಳು, ಅಪ್ಪ ಇನ್ನೊಂದರಲ್ಲಿ ತೂಕದ ಬಟ್ಟುಗಳನ್ನು ಇಡುತ್ತಿದ್ದರು. ಸೊಸೆಯ ಮಗಳು ತನ್ನ ಕೈಯಲ್ಲಿ ಸೊರಗಿಲ್ಲವೆಂದು ತೋರಿಸುವುದಕ್ಕೆ. ನಾನು ಕಳೆದ ವಾರಕ್ಕಿಂತ ಒಂದು ಚೂರು ಹೆಚ್ಚಿದ್ದರೆ ಅಜ್ಜಿ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಕಡಿಮೆಯಾಗಿದ್ದರೆ ಅವತ್ತು ರಾತ್ರಿಯ ಊಟ ಕೆಟ್ಟಿತೆಂದೇ ಲೆಕ್ಕ. ನನ್ನ ಜಡೆ ಬಿಗಿಯಾಯಿತು ಎಂದು ಅಮ್ಮ, ನಿನಗೆ ಜಡೆ ಹಾಕೋ ಪುರುಸೊತ್ತು ಎಲ್ಲಿದೆ ಎಂದು ಅಜ್ಜಿ, ಹರಳೆಣ್ಣೆ ಹಚ್ಚಿದ್ದು ಜಾಸ್ತಿ ಎಂದು ಅಮ್ಮ, ನನ್ನ ಮಗನಿಗೂ ಇದನ್ನೇ ಹಚ್ಚಿದ್ದು ಎಂದು ಅಜ್ಜಿ. ಅಪ್ಪ ಮಂಡಿಗೆ ಬೀಗ ಹಾಕುವ ನೆಪದಲ್ಲಿ ಬೀದಿಯಲ್ಲೇ ನಿಂತಿರುತ್ತಿದ್ದರು. ಆ ಇಬ್ಬರು ಹೆಂಗಸರ ನಡುವೆ ತೂಗುಬಿದ್ದಿದ್ದವಳು ನಾನು, ತಟ್ಟೆಯಿಂದ ಇಳಿದ ಮೇಲೂ.

ವಿಮಾನ ಮುಂದಿನ ಯುಗಾದಿಗೆ ಹಾರುತ್ತದೆ ಎಂದಳು ಅಮ್ಮ. ಆಮೇಲೆ ಅದರ ಮುಂದಿನ ದಸರಾಕ್ಕೆ ಎಂದಳು. ಆಮೇಲೆ ಹಬ್ಬದ ಹೆಸರು ಹೇಳುವುದನ್ನೇ ಬಿಟ್ಟಳು. ಯಾಕೆ ಎಂದು ಅಜ್ಜಿ ಗಟ್ಟಿಸಿ ಕೇಳಿದಾಗ ಒಂದೇ ಉತ್ತರ ಕೊಟ್ಟಳು: ತೂಕ ಜಾಸ್ತಿ. ಹಡಗಿನ ಮೇಲೆ ಉದ್ದಕ್ಕೆ ಓಡಿ ನಿಧಾನವಾಗಿ ನಿಲ್ಲಲು ಜಾಗವಿಲ್ಲ. ವಿಮಾನ ಮೇಲಿನಿಂದ ಧೊಪ್ಪೆಂದು ಬೀಳಬೇಕು. ಬಿದ್ದರೆ ಕಾಲು ಮುರಿಯಬಾರದು. ಕಾಲು ಗಟ್ಟಿ ಮಾಡಿದರೆ ತೂಕ ಏರುತ್ತದೆ. ತೂಕ ಏರಿದರೆ ಹಡಗಿನ ಗಿಡ್ಡ ದಾರಿಯಲ್ಲಿ ಓಡಿ ಮೇಲೇಳುವುದಕ್ಕೆ ಆಗುವುದಿಲ್ಲ. ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ಏರುತ್ತದೆ. ಅಜ್ಜಿಗೆ ವಿಮಾನ ಗೊತ್ತಿರಲಿಲ್ಲ, ತೂಕ ಗೊತ್ತಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ವಿಮಾನದ ತೂಕ, ಮನೆಯಲ್ಲೊಬ್ಬರಿಗೆ ಜ್ವರ ಬಂದ ಹಾಗೆ, ದಿನದ ಮಾತಾಯಿತು. ಬುಧವಾರ ಅಮ್ಮ ಮಂಡಿಯ ಫೋನಿಗೆ ಕರೆ ಮಾಡಿದರೆ ಅಜ್ಜಿ ಒಳಗಿನಿಂದಲೇ, ಇಳೀತಾ ಕೇಳು, ಎಂದು ಕೂಗುತ್ತಿದ್ದಳು. ಬೆಲ್ಲ ತರುವ ಗಾಡಿಯವರೂ ಕೇಳತೊಡಗಿದರು. ಇಳಿದಿರುತ್ತಿರಲಿಲ್ಲ.

ನಮ್ಮೂರಿಗೆ ಬರುವ ಭಕ್ತರಲ್ಲಿ ಒಂದು ಪದ್ಧತಿಯಿದೆ. ಮೈಮೇಲೆ ನರೂಲಿ ಎದ್ದವರು, ಗಂಟು ಕಟ್ಟಿದವರು ಬೆಲ್ಲ ತಂದು ಕಪಿಲೆಯ ನೀರಿಗೆ ಹಾಕುತ್ತಾರೆ. ಬೆಲ್ಲ ಕರಗಿದ ಹಾಗೆ ನಮ್ಮ ನೋವೂ ಕರಗಲಿ ಎಂದು ಕೇಳಿಕೊಳ್ಳುತ್ತಾರೆ. ಗುಡಿಯಲ್ಲಿ ತುಲಾಭಾರದ ಹರಕೆಯೂ ಉಂಟು: ಮಗುವನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಅದರ ತೂಕದಷ್ಟು ಅಕ್ಕಿಯನ್ನೋ ಬೆಲ್ಲವನ್ನೋ ದೇವರಿಗೆ ಒಪ್ಪಿಸುವುದು. ಎರಡೂ ಬೇರೆ ಬೇರೆ ಹರಕೆ. ಅವೆರಡನ್ನೂ ಸೇರಿಸಿ ಒಂದು ಮಾಡಿದವಳು ನನಗೆ ತಿಳಿದ ಮಟ್ಟಿಗೆ ನನ್ನ ಅಜ್ಜಿ ಒಬ್ಬಳೇ. ವಿಮಾನಕ್ಕೆ ತುಲಾಭಾರ ಮಾಡಿಸುತ್ತೇನೆ, ಅದರ ತೂಕದ ಬೆಲ್ಲ ದೇವರಿಗೆ, ಅಷ್ಟೇ ಬೆಲ್ಲ ಹೊಳೆಗೆ, ಅದು ಕರಗಿದ ಹಾಗೆ ವಿಮಾನದ ತೂಕವೂ ಕರಗಲಿ ಎಂದು ಯಾವಾಗಲೋ ಮನಸ್ಸಿನಲ್ಲೇ ಕಟ್ಟಿಕೊಂಡುಬಿಟ್ಟಿದ್ದಳು. ವಿಮಾನವನ್ನು ಗುಡಿಗೆ ತರುವುದು ಹೇಗೆ ಎಂಬುದೊಂದೇ ತೊಡಕು. ಕೊನೆಗೆ ವಿಮಾನವನ್ನೂ ಅಮ್ಮನೇ ತಂದುಕೊಟ್ಟಳು.

ಒಂದು ಶನಿವಾರ ಅಮ್ಮ ಎಂದಿನ ಚೀಲದ ಜೊತೆ ಇನ್ನೊಂದು ಉದ್ದನೆಯ ಚೀಲ ಹೊತ್ತು ಬಂದಳು. ಒಳಗಿದ್ದದ್ದು ಆ ವಿಮಾನದ ಮಾದರಿ. ಅವಳ ಕಚೇರಿಯ ಬಡಗಿಗಳು ಮರದಲ್ಲಿ ಕೆತ್ತಿ, ಬೂದಿ ಬಣ್ಣ ಬಳಿದಿದ್ದರು. ನನ್ನ ತೋಳಿನಷ್ಟು ಉದ್ದ, ಮೂತಿ ಕೊಂಚ ಕೆಳಕ್ಕೆ ಬಾಗಿತ್ತು, ಇಳಿಯುವಾಗ ಹಾರಿಸುವವನಿಗೆ ಹಡಗು ಕಾಣಲಿ ಎಂದು. ಹೊಟ್ಟೆಯ ಕೆಳಗೆ ಅಮ್ಮನ ಹಿತ್ತಾಳೆಯ ಕಾಲುಗಳು, ಬಾಲದ ಕೆಳಗೆ ಒಂದು ಕೊಕ್ಕೆ. ಸೋಮವಾರ ಮೈಸೂರಿನಲ್ಲೇ ಒಂದು ಸಭೆ, ನೌಕಾಪಡೆಯವರು ಬರುತ್ತಾರೆ, ಅವರ ಮುಂದೆ ಇದನ್ನಿಟ್ಟು ತೂಕದ ವಿಷಯ ಒಪ್ಪಿಸಬೇಕು ಎಂದಳು. ನನ್ನ ತೂಕ ಮುಗಿದ ಮೇಲೆ ಅಪ್ಪ ತಮಾಷೆಗೆಂದು ಅದನ್ನೂ ಸಣ್ಣ ತಕ್ಕಡಿಯಲ್ಲಿಟ್ಟು ತೂಗಿದರು. ಎರಡು ಕೆಜಿಗೆ ಒಂದಿಷ್ಟು ಕಡಿಮೆ ಬಂತು. ಇಷ್ಟೇಯಾ, ಎಂದಳು ಅಜ್ಜಿ, ಕಣ್ಣು ಅರಳಿಸಿ.

ಭಾನುವಾರ ಬೆಳಿಗ್ಗೆ ಅಮ್ಮನಿಗೆ ಅಪರೂಪಕ್ಕೆ ಉಮೇದು ಬಂದಿತ್ತು. ನಡುಮನೆಯಲ್ಲಿ ಒಂದು ಮಣೆ ಇಟ್ಟು ಇದು ಹಡಗು ಎಂದಳು. ಹೂ ಕಟ್ಟುವ ಬಾಳೆನಾರನ್ನು ಅದಕ್ಕೆ ಅಡ್ಡಲಾಗಿ ಬಿಗಿದು ಇದು ತಂತಿ ಎಂದಳು. ವಿಮಾನವನ್ನು ಕೈಯಲ್ಲಿ ಹಿಡಿದು ಮೇಲಿನಿಂದ ತಂದು ಮಣೆಗೆ ಬಡಿದಾಗ ಬಾಲದ ಕೊಕ್ಕೆ ನಾರಿಗೆ ಸಿಕ್ಕಿ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಅಜ್ಜಿ ಕೊಕ್ಕೆ ತಪ್ಪಿದರೇನು ಗತಿ ಎಂದು ಕೇಳಿದಳು. ತಪ್ಪಬಹುದು, ಅದಕ್ಕೇ ಚಕ್ರ ಮುಟ್ಟಿದ ಕ್ಷಣವೇ ಇಂಜಿನ್ನಿಗೆ ಪೂರ್ತಿ ಜೋರು ಕೊಡಬೇಕು, ಸಿಕ್ಕದಿದ್ದರೆ ಹಾಗೇ ಎದ್ದು ಹೋಗಲು ತಯಾರಿರಬೇಕು ಎಂದು ಅಮ್ಮ ವಿವರಿಸಿದಳು. ಅಜ್ಜಿ ಕಾಳು ಆರಿಸುವುದನ್ನು ನಿಲ್ಲಿಸಿ ಸೊಸೆಯನ್ನೇ ನೋಡಿದಳು.

"ಇಳಿಯೋವಾಗ್ಲೇ ಒಂಟೋಗಕೆ ತಯಾರಾ? ಥೇಟ್ ನಿನ್ನಂಗೇ ಅದೆ ಬುಡವ್ವ."

ಅಮ್ಮ ನಕ್ಕಳು, ಆದರೆ ಮಣೆಯ ಮೇಲಿನ ನಾರನ್ನು ಬಿಚ್ಚಿಬಿಟ್ಟಳು. ಮಧ್ಯಾಹ್ನದ ಊಟ ಮುಗಿಸಿ, ತವರಿನವರನ್ನು ನೋಡಿ ಬರುತ್ತೇನೆಂದು ಟಿ. ನರಸೀಪುರದ ಬಸ್ಸು ಹತ್ತಿದಳು. ಅಪ್ಪ ಗೊನೆ ನೋಡಲು ತೋಟಕ್ಕೆ ಹೋಗಿದ್ದರು. ಬಸ್ಸಿನ ಸದ್ದು ಬೀದಿ ದಾಟುವ ಮೊದಲೇ ಅಜ್ಜಿ ಬೀರುವಿನ ಮೇಲಿದ್ದ ವಿಮಾನ ಇಳಿಸಿದಳು. ಬೆಲ್ಲದ ಪಿಂಡಿಯಿಂದ ಅಚ್ಚುಗಳನ್ನು ತೆಗೆದು ಎರಡು ಗಂಟು ಕಟ್ಟಿದಳು, ಒಂದು ನನ್ನ ಕೈಗೆ ಕೊಟ್ಟಳು. ಎಲ್ಲಿಗೆ ಎಂದು ಕೇಳಿದೆ. ನಿಮ್ಮವ್ವನ್ನ ಮನೆಗೆ ಕರ್ಕಂಡು ಬರೋಕೆ ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತುಲಾಭಾರಕ್ಕೆ ಕೂರುವವರು ಮೊದಲು ಹೊಳೆಯಲ್ಲಿ ಮುಳುಗಿ, ಒದ್ದೆಬಟ್ಟೆಯಲ್ಲೇ ಗುಡಿಗೆ ಬರಬೇಕು. ಮಗುವಾದರೂ ಅಷ್ಟೇ, ಮುದುಕರಾದರೂ ಅಷ್ಟೇ. ಅಜ್ಜಿಯ ಲೆಕ್ಕದಲ್ಲಿ ವಿಮಾನಕ್ಕೆ ಬೇರೆ ಕಾನೂನು ಇರಲು ಕಾರಣವೇ ಇರಲಿಲ್ಲ. ಬಸ್ಸು, ರೈಲು, ಯಾರ್ಯಾರೋ ಮುಟ್ಟಿದ ಚೀಲ, ಇಷ್ಟೆಲ್ಲ ಮೈಲಿಗೆ ಹೊತ್ತು ಬಂದದ್ದನ್ನು ಹಾಗೇ ದೇವರ ಮುಂದೆ ಇಡುವುದಾದರೂ ಹೇಗೆ? ಮೊಣಕಾಲು ಮಟ್ಟದ ನೀರಿಗಿಳಿದು, ಎರಡೂ ಕೈಯಲ್ಲಿ ಅದನ್ನು ಹಿಡಿದು, ನಂಜುಂಡಪ್ಪ ನಂಜುಂಡಪ್ಪ ಎನ್ನುತ್ತಾ ಮೂರು ಮುಳುಗು ಹಾಕಿಸಿದಳು. ಹೊಟ್ಟೆಯ ಒಳಗೆಲ್ಲೋ ಟೊಳ್ಳಿತ್ತು ಅಂತ ಕಾಣುತ್ತದೆ, ಗುಳುಗುಳು ಎಂದು ಗುಳ್ಳೆ ಬಂದವು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಏನಜ್ಜಿ ಅದು, ಮೀನಾ ಎಂದು ಕೇಳಿದಳು. ನಮ್ಮ ಸೊಸೆದು ಎಂದು ಹೇಳಿ ಅಜ್ಜಿ ಮೆಟ್ಟಿಲು ಹತ್ತಿದಳು. ನೀರು ತೊಟ್ಟಿಕ್ಕಿಸುತ್ತಾ ವಿಮಾನ, ಅದರ ಹಿಂದೆ ಬೆಲ್ಲದ ಗಂಟು ಹೊತ್ತ ನಾನು.

ಗುಡಿಯಲ್ಲಿದ್ದ ಅರ್ಚಕರಿಗೆ ನಮ್ಮ ಮನೆಯ ಬೆಲ್ಲ, ಬಾಳೆಹಣ್ಣು ಎರಡೂ ಗೊತ್ತಿದ್ದವು. ಅಜ್ಜಿಯ ಬಾಯಿಯೂ ಗೊತ್ತಿತ್ತು. ಆಳು ಕೂರುವ ತಟ್ಟೆಯ ಮೇಲೆ ಆ ಬೂದಿ ಬಣ್ಣದ ವಸ್ತು ಕೂತದ್ದನ್ನು ನೋಡಿ ಅವರು ತಟ್ಟೆಯ ಸುತ್ತ ಒಂದು ಸುತ್ತು ಬಂದರು. ಕೊನೆಗೆ, ಸಂಕಲ್ಪಕ್ಕೆ ಹೆಸರು ನಕ್ಷತ್ರ ಬೇಕಲ್ಲಮ್ಮ, ವಿಮಾನಕ್ಕೆ ನಕ್ಷತ್ರ ಎಲ್ಲಿಂದ ತರಲಿ, ಎಂದರು. ಅಜ್ಜಿ ಉತ್ತರವನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದಳೋ, ಅಲ್ಲೇ ಹುಟ್ಟಿತೋ ಗೊತ್ತಿಲ್ಲ.

"ಅದಿನ್ನೂ ಉಟ್ಟಿಲ್ಲ ಸಾಮಿ. ಬಸುರಿ ಎಂಗಸಿನ ಒಟ್ಟೇಲಿರೋ ಮಗೀಗೆ ಅರಕೆ ಕಟ್ಟಿದ್ರೆ ನೀವು ಯಾರ ಎಸ್ರು ಏಳ್ತೀರಿ?"

"ತಾಯಿದು."

"ಅಂಗಾದ್ರೆ ಅದರವ್ವನ ಎಸ್ರೇಳಿ. ಸೈಲಜ. ನಕ್ಷತ್ರ ಉತ್ರಾಸಾಡ."

ಅರ್ಚಕರು ಅಮ್ಮನ ಹೆಸರು ಹೇಳಿ ಮಂತ್ರ ಶುರು ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ನನ್ನ ತುಲಾಭಾರದಲ್ಲೂ ಅದೇ ಹೆಸರು ಹೇಳಿದ್ದರಂತೆ, ನಾನು ಕೈಗೂಸಾಗಿದ್ದಾಗ. ಅದೇ ತಟ್ಟೆ, ಅದೇ ಅಮ್ಮ. ವಾರಕ್ಕೆ ಆರು ದಿನ ಅವಳನ್ನು ಹಿಡಿದಿಟ್ಟುಕೊಳ್ಳುವುದು ಸಾಲದೆಂದು ಈಗ ಇದು ನನ್ನ ತಮ್ಮನಾಗಿ ಬೇರೆ ಹುಟ್ಟಬೇಕೋ ಎಂದು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಆದರೂ ಬೇಗ ಹುಟ್ಟು ಮಾರಾಯ, ಹುಟ್ಟಿ ಹಾರಿ ತೊಲಗು ಎಂದು ನಾನೂ ಕೈ ಮುಗಿದೆ. ತೂಗಿದ ಬೆಲ್ಲ ದೇವರಿಗೆ ಹೋಯಿತು. ಅಷ್ಟೇ ತೂಕದ ಇನ್ನೊಂದು ಗಂಟನ್ನು ಹೊಳೆಗೆ ಒಯ್ದು ಅಚ್ಚು ಅಚ್ಚಾಗಿ ನೀರಿಗೆ ಬಿಟ್ಟೆವು. ಕಂದು ಬಣ್ಣ ಎಳೆಯಾಗಿ ಹರಿದು ಹೋಗುವುದನ್ನು ಅಜ್ಜಿ ನಿಂತು ನೋಡಿದಳು.

ಅಮ್ಮ ಸಂಜೆ ಬಂದಳು. ಬೀರುವಿನ ಮೇಲೆ ಮತ್ತೆ ಇಟ್ಟಿದ್ದ ವಿಮಾನದ ಮೇಲೆ ಕೈಯಾಡಿಸಿದವಳು ಒದ್ದೆ ಒದ್ದೆ ಎಂದು ಕೈ ನೋಡಿಕೊಂಡಳು. ಅಜ್ಜಿ ಏನನ್ನೂ ಮುಚ್ಚಿಡಲಿಲ್ಲ. ಒಳ್ಳೆಯ ಕೆಲಸ ಮಾಡಿದವರ ಹಾಗೆ ಮುಳುಗಿನಿಂದ ಮಂಗಳಾರತಿಯವರೆಗೆ ಎಲ್ಲ ಹೇಳಿ, ಹಣೆಗೆ ಪ್ರಸಾದದ ವಿಭೂತಿ ಇಡಲು ಹೋದಳು. ಅಮ್ಮ ಆ ವಿಮಾನವನ್ನು ಎದೆಗೆ ಅವಚಿಕೊಂಡು ಮಂಡಿಗೆ ಓಡಿದಳು. ಒಂದು ರೆಕ್ಕೆಯ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿತು. ತೋಟದಿಂದ ಆಗಷ್ಟೇ ಬಂದಿದ್ದ ಅಪ್ಪ ಅದನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಸಣ್ಣ ತಕ್ಕಡಿಯಲ್ಲಿಟ್ಟರು. ಮುಂಗಾರಿನಲ್ಲಿ ಬೆಲ್ಲ ನೀರು ಹೀರಿ ಭಾರವಾಗುವುದನ್ನು ಕಂಡು ಅವರಿಗೆ ಅಭ್ಯಾಸ. ಕೈ ತಾನಾಗಿ ಬಟ್ಟಿನ ಕಡೆಗೆ ಹೋಯಿತು. ಮುಳ್ಳು ಆಚೆಗೆ ವಾಲಿತು. ಇನ್ನೊಂದು ಬಟ್ಟು ಇಟ್ಟರು.

"ಏರಿದೆ," ಎಂದರು ಅಪ್ಪ.

ಅಮ್ಮ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು, ಕೊನೆಗೆ ತಕ್ಕಡಿಯ ಹಗ್ಗ ಹಿಡಿದುಕೊಂಡು ನಿಲ್ಲಲಾರದೆ ಬೆಲ್ಲದ ಮೂಟೆಯ ಮೇಲೆ ಕುಸಿದು ನಕ್ಕಳು. ಇಡೀ ಕಚೇರಿ ಸೇರಿ ತೂಕ ಇಳಿಸಲಾರದೆ ಒದ್ದಾಡುತ್ತಿರುವಾಗ ನಮ್ಮ ಹರಕೆ ಇನ್ನಷ್ಟು ಏರಿಸಿತಲ್ಲ ಎಂದು. ಅಪ್ಪನೂ ನಕ್ಕರು, ನಾನೂ ನಕ್ಕೆ. ಆ ಮನೆಯಲ್ಲಿ ಅಮ್ಮ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮಾತ್ರ ನಗಲಿಲ್ಲ. ವಿಭೂತಿಯ ಬೆರಳು ಹಾಗೇ ಎತ್ತಿಕೊಂಡಿದ್ದಳು.

"ನಗವ್ವ, ನಗು. ನೀನು ಬಿರ್ರನೆ ಮನೇಗೆ ಬಂದ್ಬುಡ್ಲಿ ಅಂತ ಮಾಡ್ದೆ. ಮುದುಕಿ, ನಂಗೇನ್ ಗೊತ್ತಾದದು."

ಅಮ್ಮ ಕಣ್ಣು ಒರೆಸಿಕೊಂಡಳು. ನಗು ಎಲ್ಲಿ ಹೋಯಿತೋ, ಅವಳ ಮುಖ ಒಮ್ಮೆಗೇ ಬರಿದಾಯಿತು. ಮೂಟೆಯಿಂದ ಎದ್ದು ನಿಂತು ಹೇಳಿದಳು:

"ಅತ್ತೆ, ಇದು ಹಾರಿದ್ರೂ ನಾನು ಬರಲ್ಲ."

ಅಪ್ಪ ಬಟ್ಟು ತೆಗೆಯುತ್ತಿದ್ದವರು ನಿಲ್ಲಿಸಿದರು.

"ಹಾರಿದ ಮೇಲೆ ಹಡಗಿನ ಮೇಲೆ ಇಳಿಸ್ಬೇಕು. ಇಳಿಸಿದ ಮೇಲೆ ಇನ್ನೊಂದು ಶುರುವಾಗತ್ತೆ. ನಂಗೆ ಆ ಕೆಲಸ ಬಿಟ್ಟು ಇರೋಕಾಗಲ್ಲ. ನಿಮಗೆ ಸಮಾಧಾನ ಆಗ್ಲಿ ಅಂತ ಇಷ್ಟು ದಿನ ಬರ್ತೀನಿ ಬರ್ತೀನಿ ಅಂದೆ. ಇನ್ಮೇಲೆ ಅನ್ನಲ್ಲ."

"ಮಗಾ ನಿಂತದೆ ಇಲ್ಲೇ. ಅದ್ರ ಮುಂದೇನೇ ಏಳ್ತಾ ಇದೀಯಲ್ಲ."

"ಅವಳಿಗೇ ಹೇಳ್ತಿರೋದು," ಎಂದಳು ಅಮ್ಮ.

ನಾನು ದೊಡ್ಡ ತಕ್ಕಡಿಯ ಹಗ್ಗ ಹಿಡಿದು ನಿಂತಿದ್ದೆ. ಖಾಲಿ ತಟ್ಟೆ ತೂಗಾಡುತ್ತಿತ್ತು, ಯಾರೂ ಮೊಟಕಲಿಲ್ಲ. ಎಷ್ಟು ವರ್ಷದಿಂದ ಕಾದಿದ್ದೆ! ಆ ಕಾಯುವಿಕೆಯನ್ನು ಅವಳು ಕಸದ ಹಾಗೆ ಗುಡಿಸಿ ಬೀದಿಗೆ ಹಾಕಿದಳು ಅನ್ನಿಸಿತು. ಅವಳ ಮೇಲೆ ಸಿಟ್ಟು, ವಿಮಾನದ ಮೇಲೆ ಸಿಟ್ಟು, ಮುಳುಗು ಹಾಕಿಸಿದ ಅಜ್ಜಿಯ ಮೇಲೂ ಸಿಟ್ಟು. ಅದರ ಜೊತೆಗೆ ಇನ್ನೊಂದು ಭಾವವೂ ಇತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಅರ್ಧ ಆಯುಸ್ಸು ಹಿಡಿಯಿತು: ಮೊಟ್ಟಮೊದಲ ಸಲ ಅಮ್ಮ ನನಗೆ ನಿಜ ಹೇಳಿದ್ದಳು, ದೊಡ್ಡವರಿಗೆ ಹೇಳುವ ಹಾಗೆ. ಅಜ್ಜಿ ಬೆರಳಿನ ವಿಭೂತಿಯನ್ನು ನನ್ನ ಹಣೆಗೆ ಇಟ್ಟು, ಇನ್ನು ಅವಳ ಜೊತೆ ನನಗೆ ಮಾತಿಲ್ಲ ಎಂದು ಒಳಗೆ ಹೋದಳು. ಹೇಳಿದಂತೆಯೇ ನಡೆದಳು. ಆದರೆ ಒಳಗೆ ಹೋದವಳು, ಮಳೆಗಾಲದಲ್ಲಿ ಬೆಲ್ಲ ಒಣಗಿಸುವ, ಒಲೆಯ ಮೇಲಿನ ಅಟ್ಟವನ್ನು ಖಾಲಿ ಮಾಡಿಸಿ, ವಿಮಾನವನ್ನು ಅಲ್ಲಿ ಮಲಗಿಸುವಂತೆ ಅಪ್ಪನಿಗೆ ಸನ್ನೆ ಮಾಡಿದಳು. ಬೆಳಿಗ್ಗೆ ಅದು ಒಣಗಿತ್ತು, ಅವಳ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಹೊಸ್ತಿಲ ಬಳಿ ಇಟ್ಟಿತ್ತು. ಅಮ್ಮ ಅದನ್ನು ಎತ್ತಿಕೊಂಡು ಮೈಸೂರಿನ ಬಸ್ಸಿಗೆ ಹೋದಳು. ಸಭೆಯಲ್ಲಿ ನೌಕಾಪಡೆಯ ಹಿರಿಯರೊಬ್ಬರು ಉಬ್ಬಿದ ರೆಕ್ಕೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಇದೇನು ಎಂದು ಕೇಳಿದರಂತೆ. ಹಡಗಿನ ವಿಮಾನ ಅಲ್ಲವೇ ಸರ್, ಸ್ವಲ್ಪ ನೀರು ಕುಡಿದಿದೆ ಎಂದಳಂತೆ ಅಮ್ಮ.

ಆಮೇಲಿನ ಶನಿವಾರಗಳು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಅಮ್ಮ ಬರುತ್ತಿದ್ದಳು, ನಾನು ತಟ್ಟೆಯಲ್ಲಿ ಕೂರುತ್ತಿದ್ದೆ, ಅಪ್ಪ ತೂಗುತ್ತಿದ್ದರು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ನಿಂತು ಅಂಕಿ ಕೇಳಿಸಿಕೊಳ್ಳುತ್ತಿದ್ದಳು. ಸಾರು ಬಿಸಿಯಿದೆ ಅಂತ ನಿಮ್ಮವ್ವಂಗೆ ಹೇಳು. ಸಾಕು ಅಂತ ಅಜ್ಜಿಗೆ ಹೇಳು. ಒಂದೇ ಅಡುಗೆಮನೆಯಲ್ಲಿ ನಿಂತಿದ್ದ ಇಬ್ಬರ ನಡುವೆ ನಾನು ಮಾತು ಹೊತ್ತು ತಿರುಗುತ್ತಿದ್ದೆ. ಬೇಸಿಗೆಗೆ ಬೆಂಗಳೂರಿಗೆ ಬಂದುಬಿಡು, ಅಲ್ಲೇ ಸ್ಕೂಲಿಗೆ ಸೇರಿಸುತ್ತೇನೆ ಎಂದು ಅಮ್ಮ ಕರೆದಳು. ಒಂದು ವಾರ ಬಟ್ಟೆ ಚೀಲಕ್ಕೆ ತುಂಬುತ್ತಿದ್ದೆ, ಮುಂದಿನ ವಾರ ತೆಗೆಯುತ್ತಿದ್ದೆ. ಅಜ್ಜಿ ನೋಡಿಯೂ ನೋಡದವಳಂತೆ ಇದ್ದಳು. ಅವಳು ಇರು ಎಂದಿದ್ದರೆ ಹೋಗುತ್ತಿದ್ದೆ, ಹೋಗು ಎಂದಿದ್ದರೆ ಇರುತ್ತಿದ್ದೆ. ಏನೂ ಅನ್ನದೆ ನನ್ನನ್ನು ಕೊಂದಳು. ಕೊನೆಗೆ ಹೈಸ್ಕೂಲು ಮುಗಿಯುವವರೆಗೂ ನಾನು ನಂಜನಗೂಡು ಬಿಡಲಿಲ್ಲ.

ಒಂದನ್ನು ಮಾತ್ರ ಅಜ್ಜಿ ನಿಲ್ಲಿಸಲಿಲ್ಲ. ಸೋಮವಾರ ಅಮ್ಮ ಅತ್ತ ಹೋದ ಮೇಲೆ ಇವಳು ಸೆರಗಿನಲ್ಲಿ ಒಂದು ಅಚ್ಚು ಬೆಲ್ಲ ಕಟ್ಟಿಕೊಂಡು ಇತ್ತ ಹೊಳೆಗೆ ಹೋಗುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ಅಮ್ಮನ ಜೊತೆ ಮಾತೇ ಬಿಟ್ಟಿದ್ದೀಯ, ಮತ್ತೆ ಇದ್ಯಾಕೆ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಅವ್ಳ ತಾವ ಮಾತು ಬುಟ್ಟಿವ್ನಿ. ನಂಜುಂಡಪ್ಪನ ತಾವ ಬುಟ್ಟಿದ್ದೀನಾ? ಒತ್ತ ಅರಕೆ ಒತ್ತಿದ್ದೇ ಕಣವ್ವ."

ಆ ವಿಮಾನ ಹಾರಿತು, ಬಹಳ ವರ್ಷಗಳ ಮೇಲೆ. ಅಜ್ಜಿ ಆಗ ಇರಲಿಲ್ಲ, ನನಗೆ ಮದುವೆಯಾಗಿತ್ತು. ಅಮ್ಮ ನನಗೆ ಫೋನ್ ಮಾಡಿ, ಹಾರಿತು ಕಣೆ, ಎಂದಳು. ಆಮೇಲೆ, ತೂಕ ಇನ್ನೂ ಜಾಸ್ತೀನೇ ಇದೆ, ಎಂದಳು. ನಾವಿಬ್ಬರೂ ಫೋನಿನ ಎರಡು ತುದಿಯಲ್ಲಿ ನಕ್ಕೆವು, ಅವಳು ಅಳುತ್ತಿದ್ದಳು ಅಂತಲೂ ಇರಬಹುದು. ಆದರೆ ನನ್ನ ಪಾಲಿಗೆ ಆ ವಿಮಾನದ ಕಥೆ ಮುಗಿದದ್ದು ಅವತ್ತಲ್ಲ. ಅದು ಮುಗಿದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ನಂಜನಗೂಡಿನಲ್ಲಿ, ಒಂದು ಮಳೆಗಾಲದ ಸೋಮವಾರ.

ಅವತ್ತು ಅಜ್ಜಿಯ ಕಾಲಿನ ಮಂಡಿ ಊದಿಕೊಂಡಿತ್ತು. ಹೊಳೆಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಬೆಲ್ಲದಚ್ಚನ್ನು ನನ್ನ ಕೈಗಿಟ್ಟು ನೀನೇ ಹೋಗಿ ಬಾ ಎಂದಳು. ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ಕೆಳಗಿನ ಮೆಟ್ಟಿಲುಗಳೆಲ್ಲ ಮುಳುಗಿದ್ದವು. ನಾನು ಬೆಲ್ಲ ಹಿಡಿದು ನಿಂತೆ. ಇದನ್ನು ಹಾಕಿದರೆ ತೂಕ ಇಳಿಯಬೇಕು, ತೂಕ ಇಳಿದರೆ ಹಾರಬೇಕು, ಹಾರಿದರೆ ಅಮ್ಮ ಇನ್ನೂ ದೂರ. ನನಗೆ ಬೇಕಾದದ್ದು ಅದರಲ್ಲಿ ಒಂದೂ ಇಲ್ಲ. ಬೆಲ್ಲ ಮಳೆಹನಿಗೆ ಕೈಯಲ್ಲೇ ಕರಗಿ ಮಣಿಕಟ್ಟಿಗೆ ಇಳಿಯತೊಡಗಿತು. ಆ ಭಾನುವಾರ ಮಣೆಯ ಮುಂದೆ ಕೂತು ವಿಮಾನ ಇಳಿಸಿ ತೋರಿಸಿದಾಗ ಅಮ್ಮನ ಮುಖ ಹೇಗಿತ್ತು ಎಂಬುದು ನೆನಪಿಗೆ ಬಂತು. ಅಷ್ಟು ಹೊತ್ತು ಅವಳು ಆ ಮನೆಯಲ್ಲಿ ನೆಲದ ಮೇಲೆ ಕೂತಿದ್ದಳು, ಬೇರೆ ಎಂದೂ ಕೂರದವಳು. ಕಣ್ಣು ಮುಚ್ಚಿ ಬೆಲ್ಲವನ್ನು ನೀರಿಗೆ ಎಸೆದೆ.

ಮನೆಗೆ ಬಂದಾಗ ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತು ಮಂಡಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು.

"ಆಕಿದ್ಯಾ?"

"ಹಾಕಿದೆ."

"ಏನಂತ ಕೇಳ್ಕಂಡೆ?"

"ತೂಕ ಇಳೀಲಿ, ಹಾರ್ಲಿ ಅಂತ."

"ಅವ್ಳು ಬಂದ್ಬುಡ್ಲಿ ಅಂತ ಕೇಳ್ಕಳ್ನಿಲ್ವಾ?"

"ಇಲ್ಲ."

ಅಜ್ಜಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ನನ್ನನ್ನು ನೋಡಲಿಲ್ಲ, ತನ್ನ ಊದಿದ ಮಂಡಿಯನ್ನೇ ನೋಡುತ್ತಾ ಹೇಳಿದಳು:

"ನಾನೂವೆ ಅದ್ನ ಕೇಳೋದು ಬುಟ್ಟು ಬಾಳ ದಿನ ಆಯ್ತು ಕಣವ್ವ. ಓಗು, ಕೈ ತೊಳ್ಕೊ. ಬೆಲ್ಲದ ಕೈಲಿ ಪುಸ್ತಕ ಮುಟ್ಟಬ್ಯಾಡ."

ನಾನು ಹೋಗಲಿಲ್ಲ. ಅಂಟಿನ ಕೈಯಲ್ಲೇ ಅವಳ ಪಕ್ಕದಲ್ಲಿ ಕೂತೆ. ಮಂಡಿಯ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು, ಯಾರೋ ಅಪ್ಪನನ್ನು ಕರೆದರು, ಅಪ್ಪ ಊಟ ಬಿಟ್ಟು ಎದ್ದು ಹೋದದ್ದು ಕೇಳಿಸಿತು. ನಾವಿಬ್ಬರೂ ಏಳಲಿಲ್ಲ.